ಗೋಡೆಯಾಚೆಗೆ ಬಿಟ್ಟ ಬಿಸಿಗಾಳಿ

ಅಫ್ಘನ್ ಗಡಿಯ ತೆರ್ಮೆಜ್‌ನಲ್ಲಿ ಜುಲೈ ಬಂತೆಂದರೆ ಮಧ್ಯಾಹ್ನ ಒಂದಕ್ಕೆ ಕರೆಂಟು ಹೋಗುತ್ತದೆ, ಐದಕ್ಕೆ ಬರುತ್ತದೆ. ಹೋಗುವುದು ಒಂದು ದಿನವೂ ತಪ್ಪುವುದಿಲ್ಲ, ಬರುವುದು ಮಾತ್ರ ಒಮ್ಮೊಮ್ಮೆ ಆರಾಗುತ್ತದೆ. ಆ ಹೊತ್ತಿನಲ್ಲಿ ಜನ ಕಿಟಕಿಗೆ ಒದ್ದೆ ಚಾದರ ಕಟ್ಟಿಕೊಂಡು ನೆಲದ ಮೇಲೆ ಬಿದ್ದುಕೊಂಡಿರುತ್ತಾರೆ. ಮುಹಯ್ಯೋಗೆ ಹಾಗೆ ಬಿದ್ದುಕೊಳ್ಳುವ ಭಾಗ್ಯ ಇರಲಿಲ್ಲ. ಅವಳು ಎಕ್ಸ್‌ರೇ, ಸ್ಕ್ಯಾನುಗಳನ್ನು ಓದಿ ಹೇಳುವ ಡಾಕ್ಟರು. ನಗರದ ಆಸ್ಪತ್ರೆ ಬಿಟ್ಟು ಎರಡು ವರ್ಷವಾಗಿತ್ತು. ಈಗ ಬೆಟ್ಟದ ಕಡೆಯ ಮೂರು ಸಣ್ಣ ಆಸ್ಪತ್ರೆಗಳು ಚಿತ್ರಗಳನ್ನು ಕಳಿಸುತ್ತಿದ್ದವು. ಅವಳು ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಎರಡು ದೊಡ್ಡ ಪರದೆಗಳ ಮುಂದೆ ಅವುಗಳನ್ನು ನೋಡಿ ವರದಿ ಬರೆಯುತ್ತಿದ್ದಳು. ಬೆಟ್ಟದಲ್ಲಿ ಕಾಲು ಮುರಿದುಕೊಂಡವರು ಕರೆಂಟಿನ ವೇಳೆ ನೋಡಿ ಮುರಿದುಕೊಳ್ಳುವುದಿಲ್ಲವಲ್ಲ.

ಆ ಕೋಣೆ ಅವಳ ಅಪ್ಪ ಒಣದ್ರಾಕ್ಷಿ ತುಂಬಿಡುತ್ತಿದ್ದ ಕೋಣೆ. ಒಂದೇ ಕಿಟಕಿ, ಮೊಳ ದಪ್ಪದ ಮಣ್ಣಿನ ಗೋಡೆ. ಹಿಂಗೋಡೆಯಲ್ಲಿ ಒಂದು ಆಳವಾದ ಗೂಡು. ಆ ಗೂಡಿನಲ್ಲಿ ಅವಳು ನಾಲ್ಕು ದಪ್ಪ ಬ್ಯಾಟರಿಗಳನ್ನೂ ಅವುಗಳ ನೆತ್ತಿಯ ಮೇಲೇ ಇನ್‌ವರ್ಟರನ್ನೂ ಇಡಿಸಿದ್ದಳು. ನೋಡುವುದಕ್ಕೆ ಅಚ್ಚುಕಟ್ಟು. ಆದರೆ ಕರೆಂಟು ಹೋದ ಅರ್ಧ ಗಂಟೆಗೆ ಆ ಗೂಡು ರೊಟ್ಟಿ ಸುಡುವಷ್ಟು ಕಾಯುತ್ತಿತ್ತು. ಜೂನ್‌ನಲ್ಲೇ ಒಂದು ಬ್ಯಾಟರಿ ಸತ್ತುಹೋಗಿ ಹೊಸದು ತಂದಾಗಿತ್ತು. ಅವಳು ಗೂಡಿನಲ್ಲೊಂದು ಉಷ್ಣಮಾಪಕ ತೂಗುಹಾಕಿದಳು. ಮೂರು ಗಂಟೆಗೆ ಐವತ್ತೊಂದು ತೋರಿಸಿತು. ಇನ್‌ವರ್ಟರು ಕೀರಲು ದನಿಯಲ್ಲಿ ಕೂಗತೊಡಗಿತು.

ರಿಪೇರಿಗೆ ಬಂದವನು ಶೋಮುರೋದ್ ಉಸ್ತಾ, ಅಂದರೆ ಶೋಮುರೋದ್ ಮೇಸ್ತ್ರಿ. ಅರವತ್ತರ ಮನುಷ್ಯ, ಕೆಲಸಕ್ಕಿಂತ ಮಾತು ಹೆಚ್ಚು, ಆದರೆ ಕೆಲಸವೂ ಗೊತ್ತು. ಗೂಡಿನೊಳಗೆ ಕೈಯಿಟ್ಟು ತಕ್ಷಣ ಹಿಂದಕ್ಕೆಳೆದುಕೊಂಡ.

"ಇದು ಉಸಿರು ಕಟ್ಟಿ ಸಾಯ್ತಿದೆ ಡಾಕ್ಟ್ರೇ. ಕೆಳಗೆ ಗಾಳಿ ಒಳಗೆ ಬರೋಕೆ ಒಂದು ತೂತು, ಮೇಲೆ ಬಿಸಿ ಹೊರಗೆ ಹೋಗೋಕೆ ಒಂದು ತೂತು. ಮೇಲಿನ ತೂತಿಗೆ ಫ್ಯಾನು. ಇಷ್ಟು ಮಾಡಿದ್ರೆ ಬದುಕ್ತದೆ. ಬ್ಯಾಟರೀನೂ ಮಿಷೀನೂ ಬೇರೆ ಬೇರೆ ಇಟ್ರೆ ಇನ್ನೂ ಒಳ್ಳೇದು."

"ಬೇರೆ ಇಡೋಕೆ ಜಾಗ ಇಲ್ಲ. ಗಾಳಿ ಬರೋಕೆ ಕಿಟಕಿ ಸಾಕು. ಮೇಲಿನ ತೂತು ಹಿಂದಿನ ಗೋಡೆಗೆ ಹೊಡೀರಿ."

ಉಸ್ತಾ ಗೋಡೆಯನ್ನು ನೋಡಿದ, ಅವಳ ಮುಖ ನೋಡಿದ. "ಅದರ ಆಚೆ ಓಯ್ಸುಲುವ್ ಒಪಾ ಹಿಟ್ಟು ಉಬ್ಬೋಕೆ ಇಡ್ತಾರಲ್ಲ. ಬಿಸಿ ನೇರ ಅಲ್ಲಿಗೇ ಹೋಗ್ತದೆ. ನಿಮ್ಮ ಅಂಗಳದ ಕಡೆ ಪೈಪು ಎಳೀಲಾ?"

"ಗೋಡೆ ನನ್ನದು, ತೂತೂ ನನ್ನದು. ಅವಳ ತಂದೂರು ದಿನಾ ಬೆಳಗ್ಗೆ ನನ್ನ ಗೋಡೆ ಕಾಯಿಸೋದಿಲ್ವಾ? ಅದನ್ನ ಯಾರಾದ್ರೂ ನನ್ನ ಕೇಳಿದ್ರಾ?"

ಉಸ್ತಾ ಉಳಿ, ಸುತ್ತಿಗೆ ತೆಗೆದ. ಸಂಜೆಯೊಳಗೆ ತಲೆಯಷ್ಟು ಅಗಲದ ತೂತು ಬಿದ್ದು, ಅದರಲ್ಲಿ ಫ್ಯಾನು ಕೂತಿತು.

ಒಪಾ ಅಂದರೆ ಅಕ್ಕ. ಬೀದಿಗೆಲ್ಲ ಒಪಾ ಆದ ಓಯ್ಸುಲುವ್ ಮುಹಯ್ಯೋಗೆ ಒಡಹುಟ್ಟಿದ ಅಕ್ಕ, ಒಂಬತ್ತು ವರ್ಷ ದೊಡ್ಡವಳು. ಗಂಡ ರಷ್ಯಾಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅವಳು ಅಂಗಳದ ತಂದೂರಿನಲ್ಲಿ ರೊಟ್ಟಿ ಸುಟ್ಟು, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬೀದಿಗೆಲ್ಲ ಕೊಡುತ್ತಿದ್ದಳು. ಒಂದು ಕಾಲದಲ್ಲಿ ಇಡೀ ಮನೆಗೆ ಒಂದೇ ಅಂಗಳವಿತ್ತು. ಈಗ ನಡುವೆ ಆಳೆತ್ತರದ ಇಟ್ಟಿಗೆ ಗೋಡೆ. ಅದನ್ನು ಕಟ್ಟಿಸಿದವಳು ಓಯ್ಸುಲುವ್, ಅಮ್ಮ ತೀರಿಕೊಂಡ ನಲವತ್ತನೇ ದಿನದ ಊಟ ಮುಗಿದ ಮಾರನೇ ಬೆಳಗ್ಗೆ.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಅಮ್ಮನಿಗೆ ಕೆಮ್ಮು ಹತ್ತಿದಾಗ ಓಯ್ಸುಲುವ್ ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ತಂಗಿ ಇದ್ದ ಆಸ್ಪತ್ರೆಗೆ ಕರೆದೊಯ್ದಿದ್ದಳು. ಎದೆಯ ಚಿತ್ರ ತೆಗೆದರು. ಮುಹಯ್ಯೋ ನೋಡಿ, "ಹಳೇ ಶೀತ ಅಷ್ಟೇ, ಕಷಾಯ ಕೊಡಿ" ಎಂದಳು. ಹನ್ನೊಂದು ತಿಂಗಳ ನಂತರ ಬೇರೆ ಊರಿನ ಡಾಕ್ಟರು ರೋಗದ ಹೆಸರು ಹೇಳುವ ಹೊತ್ತಿಗೆ ಅಮ್ಮನ ಎದೆಯ ತುಂಬ ಗಂಟುಗಳಿದ್ದವು. ಅಂದಿನಿಂದ ಅಕ್ಕನ ಬಾಯಲ್ಲಿ ತಂಗಿಯ ಹೆಸರಿಲ್ಲ. 'ಕುರುಡಿ' ಎನ್ನುತ್ತಿದ್ದಳು. ರೊಟ್ಟಿ ಕೊಳ್ಳಲು ಬಂದವರ ಮುಂದೆಯೂ ಅದೇ.

ಫ್ಯಾನು ಕೂತ ಮಾರನೇ ದಿನ ಮಧ್ಯಾಹ್ನ ಕರೆಂಟು ಹೋಯಿತು, ಇನ್‌ವರ್ಟರು ಹೊರೆ ಹೊತ್ತಿತು, ಬಿಸಿಗಾಳಿ ಆಚೆ ನುಗ್ಗಿತು. ಗೂಡಿನ ಉಷ್ಣಮಾಪಕ ನಲವತ್ತೆರಡರಲ್ಲಿ ನಿಂತಿತು. ಮುಹಯ್ಯೋ ಹಸಿರು ಚಹಾ ಬಗ್ಗಿಸಿಕೊಂಡು, ಒಂದೇ ಉಸಿರಿಗೆ ಹದಿನಾಲ್ಕು ವರದಿ ಬರೆದಳು. ನಾಲ್ಕು ಗಂಟೆಗೆ ಗೋಡೆಯಾಚೆಯಿಂದ ದನಿ ಬಂತು.

"ಏ ಕುರುಡಿ, ನನ್ನ ಹಿಟ್ಟಿನ ಮೇಲೆ ಯಾವ ದೆವ್ವದ ಉಸಿರು ಬಿಡ್ತಿದ್ದೀಯಾ?"

ಮುಹಯ್ಯೋ ತೂತಿನ ಹತ್ತಿರ ಬಾಯಿಟ್ಟು, "ಗಾಳಿ ಒಪಾ. ದುಡ್ಡು ಕೇಳೋದಿಲ್ಲ, ಸುಮ್ಮನೆ ತಗೊಳ್ಳಿ," ಎಂದಳು.

"ಎರಡು ಗಂಟೇಲಿ ಉಬ್ಬಬೇಕಾದ ಹಿಟ್ಟು ಅರ್ಧ ಗಂಟೇಲಿ ಉಕ್ಕಿ ಹುಳಿ ಹತ್ತಿದೆ. ಮೂಸಿ ನೋಡು ಬಾ. ಕುದುರೆ ಬೆವರಿನ ವಾಸನೆ."

"ಹಿಟ್ಟಿನ ಮರಿಗೇನ ಬೇರೆ ಕಡೆ ಇಟ್ಕೊಳ್ಳಿ."

"ಇಪ್ಪತ್ತು ವರ್ಷದಿಂದ ಅಲ್ಲೇ ಇಟ್ಟಿದ್ದೀನಿ. ಅಮ್ಮ ಕಲಿಸಿದ ಜಾಗ ಅದು. ನೀನು ಅಮ್ಮನ್ನ ನೋಡಿದ ಹಾಗೆ ನನ್ನ ಹಿಟ್ಟನ್ನೂ ನೋಡಬೇಡ. ಕಾಣೋದೂ ಇಲ್ಲ ನಿನಗೆ."

ಮುಹಯ್ಯೋ ಫ್ಯಾನಿನ ವೇಗ ಇನ್ನೊಂದು ಹಂತ ಏರಿಸಿದಳು. ಏರಿಸುವ ಅಗತ್ಯವೇನೂ ಇರಲಿಲ್ಲ.

ಹೀಗೆ ಮೂರು ದಿನ ನಡೆಯಿತು. ಓಯ್ಸುಲುವ್ ತೂತಿನ ಮುಂದೆ ಗೋಣಿ ತೂಗುಹಾಕಿದಳು. ಗಾಳಿ ಅದನ್ನು ಹಾರಿಸಿತು. ಹಲಗೆ ಆನಿಸಿದಳು. ಮುಹಯ್ಯೋ ಕೋಲು ತೂರಿಸಿ ಅದನ್ನು ಬೀಳಿಸಿದಳು. ಸಂಜೆಯ ರೊಟ್ಟಿ ಹುಳಿಯೆಂದು ಎರಡು ಮನೆಯವರು ವಾಪಸು ಕೊಟ್ಟರಂತೆ. ಬೀದಿಯ ಹೆಂಗಸೊಬ್ಬಳು ಬಂದು ಹೇಳಿದಾಗ ಮುಹಯ್ಯೋಗೆ ಒಳಗೊಳಗೇ ಹಿತವಾಯಿತು. ಆ ಹಿತ ತನಗೇ ಅಸಹ್ಯವೆನಿಸಿದ್ದೂ ನಿಜ. ಆದರೂ ಫ್ಯಾನು ನಿಲ್ಲಿಸಲಿಲ್ಲ.

ನಾಲ್ಕನೇ ದಿನ ಬೆಳಗಿನಿಂದಲೇ ನದಿಯಾಚೆಯ ಅಫ್ಘನ್ ಗಾಳಿ ಎದ್ದು, ಆಕಾಶ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಮುಹಯ್ಯೋ ಧೂಳಿಗೆ ಹೆದರಿ ಕಿಟಕಿ ಬಿಗಿಯಾಗಿ ಮುಚ್ಚಿ ಕೂತಿದ್ದಳು. ಒಂದಕ್ಕೆ ಕರೆಂಟು ಹೋಯಿತು. ಮೂರರ ಹೊತ್ತಿಗೆ ಕೋಣೆಯಲ್ಲಿ ಬೆವರು ಕಣ್ಣಿಗಿಳಿಯುತ್ತಿತ್ತು. ಧೂಳಿನ ದಿನ ಹೀಗೇ ಎಂದುಕೊಂಡಳು. ಫ್ಯಾನಿನ ಸದ್ದು ಕೇಳುತ್ತಲೇ ಇತ್ತಲ್ಲ, ಎದ್ದು ನೋಡಲಿಲ್ಲ.

ಆಗ ಬೆಟ್ಟದ ಆಸ್ಪತ್ರೆಯ ಸರ್ಜನ್ ಇಲ್ಹೋಮ್ ಫೋನು ಮಾಡಿದ.

"ಮುಹಯ್ಯೋ ಒಪಾ, ಒಬ್ಬ ಲಾರಿ ಡ್ರೈವರು. ಅಕ್ರೋಟು ಮರದಿಂದ ಬಿದ್ದಿದ್ದಾನೆ, ಮಾತು ತೊದಲ್ತಿದೆ. ತಲೆಯ ಸ್ಕ್ಯಾನು ಕಳಿಸಿದ್ದೀನಿ. ತಲೆ ತೆರೀಬೇಕೋ ಬೇಡವೋ ಹೇಳಿ. ಇಲ್ಲಿ ಜನರೇಟರಿಗೆ ಎಣ್ಣೆ ಒಂದು ಆಪರೇಷನ್ನಿಗೆ ಆಗುವಷ್ಟೇ ಇದೆ."

ಚಿತ್ರಗಳು ಒಂದೊಂದಾಗಿ ಇಳಿಯತೊಡಗಿದವು. ಎಡಗಡೆ ತಲೆಬುರುಡೆಯ ಒಳಅಂಚಿಗೆ ಬಿಳಿಯ ಗೆರೆಯೊಂದು ಮೂಡುತ್ತಿತ್ತು. ರಕ್ತವಿರಬಹುದು, ಮೂಳೆಯ ನೆರಳೂ ಇರಬಹುದು. ಅರ್ಧ ಚಿತ್ರ ಬಂದಿತ್ತಷ್ಟೇ. ಇನ್‌ವರ್ಟರು ಮೂರು ಸಲ ಕೂಗಿ ಬಾಯಿ ಮುಚ್ಚಿತು. ಪರದೆಗಳು ಕಪ್ಪಾದವು. ಫ್ಯಾನೂ ನಿಂತಿತು.

"ಒಪಾ? ನೋಡಿದ್ರಾ?"

"ಅರ್ಧ ನೋಡಿದೆ."

"ಅರ್ಧದಲ್ಲಿ ಏನನ್ನಿಸ್ತದೆ? ಅಷ್ಟು ಹೇಳಿ ಸಾಕು."

ಹೇಳಬಹುದಿತ್ತು. ಹತ್ತರಲ್ಲಿ ಏಳು ಸಲ ಸರಿಯೂ ಆಗುತ್ತಿತ್ತು. ಮುಹಯ್ಯೋ ಕತ್ತಲೆ ಪರದೆಯ ಮುಂದೆ ಹಲ್ಲು ಕಚ್ಚಿ, "ಅರ್ಧ ನೋಡಿ ಹೇಳೋದಿಲ್ಲ. ಹದಿನೈದು ನಿಮಿಷ ಕೊಡು," ಎಂದು ಫೋನು ಇಟ್ಟಳು.

ಗೂಡಿನ ಹತ್ತಿರ ಹೋದರೆ ಉಷ್ಣಮಾಪಕದ ಮುಳ್ಳು ಅರವತ್ತು ದಾಟಿತ್ತು. ಟಾರ್ಚು ಬಿಟ್ಟು ನೋಡಿದಳು. ತೂತಿನ ಆಚೆ ಬೆಳಕಿಲ್ಲ. ಆ ತುದಿಗೆ ಇಟ್ಟಿಗೆ ಕೂರಿಸಿ, ತಂದೂರಿಗೆ ಬಳಿಯುವ ಹುಲ್ಲುಮಣ್ಣನ್ನು ಮೆತ್ತಿದ್ದರು. ಕಾವಿಗೆ ಅದು ಒಣಗಿ ಗಟ್ಟಿಯೂ ಆಗಿತ್ತು. ಫ್ಯಾನು ಎರಡೂವರೆ ಗಂಟೆ ಸತ್ತ ಗೋಡೆಗೆ ಊದುತ್ತಿತ್ತು ಅಷ್ಟೇ.

ಅವಳು ಫ್ಯಾನು ಕಿತ್ತೆಸೆದು ಸುತ್ತಿಗೆ ತಂದಳು. ಕಿಟಕಿ, ಬಾಗಿಲು ಎರಡನ್ನೂ ಹಾರುಹೊಡೆದು, ಆಮೇಲೆ ತೂತಿಗೆ ಏಟು ಹಾಕಿದಳು. ಆಚೆ ಮರಿಗೆಯಲ್ಲಿ ಸಂಜೆಯ ಹಿಟ್ಟು ಉಬ್ಬಲು ಇಟ್ಟಿರುವ ಹೊತ್ತು ಅದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲನೇ ಏಟು ಇಲ್ಹೋಮನ ರೋಗಿಗಾಗಿ ಬಿತ್ತು. ಮಿಕ್ಕ ಐದಾರು ಏಟುಗಳನ್ನು ಯಾರಿಗಾಗಿ ಹಾಕಿದೆನೆಂದು ಆಮೇಲೆ ಅವಳೇ ಹೇಳಲಾರದೆ ಹೋದಳು. ಇಟ್ಟಿಗೆಯೂ ಮಣ್ಣೂ ಆ ಬದಿಗೆ ಧಡಾರನೆ ಉರುಳಿದವು. ಮೆತ್ತನೆಯ ಏನೋ ಒಂದರ ಮೇಲೆ ಬಿದ್ದ ಸದ್ದಾಯಿತು.

ಓಯ್ಸುಲುವಳ ಕೂಗು ಬೀದಿಗೆ ಕೇಳಿತು. ಮುಹಯ್ಯೋ ರಟ್ಟಿನಿಂದ ಗೂಡಿಗೆ ಗಾಳಿ ಬೀಸುತ್ತ ನಿಂತಳು. ಹತ್ತು ನಿಮಿಷಕ್ಕೆ ಇನ್‌ವರ್ಟರು ತಾನಾಗಿ ಎದ್ದಿತು. ಪೂರ್ತಿ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿದಳು. ಎಡಗಡೆಯ ಗೆರೆ ಮೂಳೆಯ ನೆರಳು. ರಕ್ತ ಇದ್ದದ್ದು ಬಲಗಡೆ, ಕೆಳಗೆ, ಕೊನೆಯ ಚಿತ್ರಗಳಲ್ಲಿ.

"ಬಲಗಡೆ ತೆರಿ. ಎಡಗಡೆ ಅಲ್ಲ. ತಡ ಮಾಡಬೇಡ," ಎಂದು ಇಲ್ಹೋಮನಿಗೆ ಹೇಳಿ ಕುರ್ಚಿಯಲ್ಲಿ ಕುಸಿದಳು. ಗೋಡೆಯಾಚೆ ಅಕ್ಕ ಹಿಟ್ಟಿನಿಂದ ಮಣ್ಣು ಆರಿಸುತ್ತ, ಒಂದೊಂದು ಚೂರಿಗೆ ಒಂದೊಂದು ಶಾಪ ಹಾಕುತ್ತಿದ್ದಳು.

ಐದು ಗಂಟೆಗೆ ಕರೆಂಟು ಬಂತು. ಖಾಲಿಯಾದ ಬ್ಯಾಟರಿಗಳಿಗೆ ಇನ್‌ವರ್ಟರು ಕರೆಂಟು ತುಂಬಿಸಲು ಶುರುಮಾಡಿತು. ಎರಡೂವರೆ ಗಂಟೆ ಬೆಂದ ಬ್ಯಾಟರಿಗಳು ಅವು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬಂತು. ಮುಹಯ್ಯೋ ತಿರುಗಿ ನೋಡಿದರೆ ಬಲತುದಿಯ ಬ್ಯಾಟರಿಯ ಹೊಟ್ಟೆ ಊದಿಕೊಂಡು ಬಿರಿಯುವ ಹಾಗಿತ್ತು. ಇನ್‌ವರ್ಟರಿನ ಸ್ವಿಚ್ಚು ಅದರ ಪಕ್ಕದಲ್ಲೇ. ಕೈ ಚಾಚಿದಳು. ಹೊಗೆಗೆ ಕಣ್ಣು ಉರಿದು, ಕೆಮ್ಮು ಬಂದು, ಹಿಂದೆ ಸರಿಯಬೇಕಾಯಿತು. ಉಳಿದದ್ದು ಮೇನ್ ಸ್ವಿಚ್ಚು. ಮನೆ ಎರಡಾದರೂ ಮೀಟರು ಒಂದೇ ಉಳಿದಿತ್ತು, ಅದು ಅಕ್ಕನ ಬಾಗಿಲೊಳಗೆ.

ಬೀದಿಗೆ ಓಡಿ ಬಂದವಳಿಗೆ ಒಂದು ಗಳಿಗೆ ಬೇರೆ ಯೋಚನೆ ಬಂತು. ಸುಮ್ಮನೆ ಇಲ್ಲೇ ನಿಂತರೆ ಏನಾಗುತ್ತದೆ? ಬೆಂಕಿ ಹತ್ತಿದರೆ ಮೊದಲು ಹತ್ತುವುದು ತೂತಿನಾಚೆ ಹಿಟ್ಟಿನ ಮರಿಗೆಗೆ ನೆರಳಾಗಿದ್ದ ಜೊಂಡಿನ ಮಾಡಿಗೆ. ಒಂದೇ ಗಳಿಗೆ. ಆಮೇಲೆ ಅಕ್ಕನ ಬಾಗಿಲು ತಳ್ಳಿದಳು.

ಓಯ್ಸುಲುವ್ ಅಡ್ಡ ನಿಂತಿದ್ದಳು. ಮೊಳಕೈವರೆಗೆ ತಂದೂರಿನ ದಪ್ಪ ಕೈಗವಸು, ಮುಖದ ಮೇಲೆಲ್ಲ ಹಿಟ್ಟು, ಮಣ್ಣು.

"ನನ್ನ ಎಪ್ಪತ್ತು ರೊಟ್ಟಿಗೆ ಮಣ್ಣು ಹಾಕಿದ್ದು ಸಾಲದು ಅಂತ ಮುಖ ತೋರಿಸೋಕೆ ಬಂದ್ಯಾ?"

"ಮೇನ್ ಸ್ವಿಚ್ಚು ಇಳಿಸಬೇಕು. ದಾರಿ ಬಿಡು."

"ಬಿಡು? ನನಗೆ 'ಬಿಡು' ಅಂದ್ಯಾ? 'ನೀವು' ಅನ್ನೋಕೂ ನಾಲಿಗೆ ಸತ್ತೋಯ್ತಾ?"

"ಬ್ಯಾಟರಿ ಒಡೀತದೆ. ನೀನು ತೂತು ಮುಚ್ಚಿ ಅದನ್ನ ಬೇಯಿಸಿಟ್ಟಿದ್ದೀಯಾ. ಸರಿ ಆಚೆ."

"ಒಡೀಲಿ. ನಿನ್ನ ಗೋಡೆ, ನಿನ್ನ ತೂತು ಅಂದ್ಯಲ್ಲ. ಒಡೆಯೋದೂ ನಿಂದೇ ಆಗ್ಲಿ."

ಮುಹಯ್ಯೋ ಅವಳ ಭುಜ ಹಿಡಿದು ತಳ್ಳಿದಳು. ಓಯ್ಸುಲುವ್ ಇಪ್ಪತ್ತು ವರ್ಷ ಹಿಟ್ಟು ನಾದಿದವಳು, ಅಲುಗಾಡಲಿಲ್ಲ. ತಂಗಿಯ ಕೈ ಹಿಡಿದು ಗೋಡೆಗೆ ಒತ್ತಿದಳು. ಇಬ್ಬರೂ ಹಾಗೆ ಮುಖಕ್ಕೆ ಮುಖ ಕೊಟ್ಟು ಏದುಸಿರು ಬಿಡುತ್ತಿರುವಾಗ, ಗೋಡೆಯ ತೂತಿನಿಂದ ಆ ವಾಸನೆ ಅಂಗಳಕ್ಕೆ ಇಳಿಯಿತು. ಓಯ್ಸುಲುವ್ ಮೂಗು ಹಿಗ್ಗಿಸಿದಳು. ಆಮೇಲೆ ಒಳಗಿನಿಂದ ದಪ್ಪ ಹಲಗೆ ಮುರಿದಂಥ ಸದ್ದು.

ಓಯ್ಸುಲುವ್ ತಂಗಿಯ ಕೈ ಬಿಟ್ಟು, ಎರಡು ಹೆಜ್ಜೆಗೆ ಮೀಟರಿನ ಹತ್ತಿರ ಹೋಗಿ, ಗವಸು ತೊಟ್ಟ ಕೈಯಿಂದಲೇ ಸ್ವಿಚ್ಚು ಕೆಳಗೆಳೆದಳು. ನೇರ ತಂದೂರಿಗೆ ಹೋಗಿ ಅದರ ಬಾಯಿಗೆ ಮುಚ್ಚಳ ಎಳೆದು, ಗಾಳಿಕಂಡಿಗೆ ಬೂದಿ ತುಂಬಿದಳು. ಬೆಂಕಿಯೂ ಆ ಹೊಗೆಯೂ ಸೇರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುಹಯ್ಯೋಗೆ ಗೊತ್ತಿತ್ತು, ಆದರೆ ಅವಳು ಹೇಳುವಷ್ಟರಲ್ಲಿ ಅಕ್ಕ ಎಲ್ಲ ಮುಗಿಸಿದ್ದಳು.

"ಈಗ ನನ್ನ ಅಂಗಳದಿಂದ ಆಚೆ ನಡಿ," ಎಂದಳು ಓಯ್ಸುಲುವ್.

ಬೆಂಕಿ ಹತ್ತಲಿಲ್ಲ. ಒಂದು ಬ್ಯಾಟರಿ ಸೀಳಿ ಆಮ್ಲ ಗೂಡಿನ ಮಣ್ಣನ್ನು ತಿಂದುಹಾಕಿತ್ತು, ಉಳಿದ ಮೂರೂ ಊದಿಕೊಂಡಿದ್ದವು. ಅವೆಲ್ಲ ತಣ್ಣಗಾದ ಮೇಲೆ, ಮಾರನೇ ಬೆಳಗ್ಗೆ, ಶೋಮುರೋದ್ ಉಸ್ತಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಡಾಪುಡಿ ಚೆಲ್ಲಿ ಗೂಡು ತೊಳೆದ. ಲಾರಿ ಡ್ರೈವರು ಬದುಕಿದ್ದಾನೆಂದು ಇಲ್ಹೋಮ್ ಬೆಳಗ್ಗೆಯೇ ತಿಳಿಸಿದ್ದ. ಅದನ್ನು ಹೇಳಿಕೊಳ್ಳಲು ಮುಹಯ್ಯೋಗೆ ಮನೆಯಲ್ಲಿ ಯಾರೂ ಇರಲಿಲ್ಲ, ಉಸ್ತಾನಿಗೇ ಹೇಳಿದಳು.

"ಅವನು ಬದುಕಿದ. ನೀವೂ ಬದುಕಿದ್ರಿ, ಅದನ್ನೂ ಲೆಕ್ಕಕ್ಕೆ ಹಿಡೀರಿ," ಎಂದ ಉಸ್ತಾ. "ತೂತು ಮುಚ್ಚಿದ್ದು ಒಪಾ ಅವರ ತಪ್ಪು. ಆದ್ರೆ ಬ್ಯಾಟರಿ ತಲೆ ಮೇಲೆ ಮಿಷೀನು ಕೂರಿಸಿದ್ದು ಯಾರು? ಕಿಟಕಿ ಮುಚ್ಚಿದ್ದು ಯಾರು? ಗೋಡೆ ಮುಟ್ಟಿ ನೋಡಿ. ತಂದೂರಿನ ಕಾವು ಈಗಲೂ ಇದೆ. ಎರಡೂ ಕಡೆಯಿಂದ ಬೇಯಿಸಿದ್ದೀರಿ, ಇಬ್ಬರೂ ಸೇರಿ."

ಆಗ ಬಾಗಿಲಲ್ಲಿ ಓಯ್ಸುಲುವ್ ನಿಂತಿದ್ದಳು. ಗೋಡೆ ಎದ್ದ ಮೇಲೆ ಅವಳು ಈ ಬದಿಗೆ ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ಮಣ್ಣು ಮೆತ್ತಿದ ಹಿಟ್ಟಿನ ಮುದ್ದೆ. ಅದನ್ನು ಮುಹಯ್ಯೋಳ ಮೇಜಿನ ಮೇಲೆ, ಕೀಲಿಮಣೆಯ ಪಕ್ಕದಲ್ಲಿ ಇಟ್ಟಳು.

"ನೋಡು. ಇದಾದ್ರೂ ಕಾಣ್ತದಾ?"

ಮುಹಯ್ಯೋ ಹಿಟ್ಟನ್ನು ನೋಡಿದಳು. ನೂರು ಉತ್ತರ ಬಾಯಿಗೆ ಬಂದವು. ಅಮ್ಮನ ಚಿತ್ರ ಬಂದ ದಿನ ತನ್ನೆದುರು ನಲವತ್ತು ಚಿತ್ರಗಳಿದ್ದವು, ಅದು ಕೊನೆಯದು, ಮನೆಯವರದಲ್ಲವೇ ಎಂದು ಸದರ ಮಾಡಿ ಬೆಳಕಿಗೆ ಹಿಡಿದು ಇಳಿಸಿದ್ದಳು. ಈ ಮೂರು ವರ್ಷ ಇದೇ ಮಾತುಗಳನ್ನು ಅವಳು ಮನಸ್ಸಿನಲ್ಲಿ ತಿರುವಿಹಾಕುತ್ತ ಬಂದಿದ್ದಳು. ಚಿತ್ರ ಮಸುಕಾಗಿತ್ತು ಎಂದು ಬೀದಿಯವರಿಗೆ ಹೇಳಿದ್ದಳು ಕೂಡ.

"ಅಮ್ಮನ ಚಿತ್ರದಲ್ಲಿ ಕಾಣ್ತಿತ್ತು," ಎಂದಳು. "ಬಲ ಕೊರಳೆಲುಬಿನ ಹಿಂದೆ, ಕಡಲೆಕಾಳಿನಷ್ಟು. ಆಮೇಲೆ ತರಿಸಿ ನೋಡಿದೆ. ಮಸುಕೇನೂ ಇರಲಿಲ್ಲ. ನಾನು ಸರಿಯಾಗಿ ನೋಡಲಿಲ್ಲ."

ಉಸ್ತಾ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದ. ಓಯ್ಸುಲುವ್ ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ತೆಗೆದಳು.

"ಆಮೇಲೆ ಅಂದ್ರೆ ಯಾವಾಗ?"

"ಅಮ್ಮ ಹೋಗೋಕೆ ಮುಂಚೆ. ಎರಡು ತಿಂಗಳು ಮುಂಚೆ."

"ಗೊತ್ತಿದ್ದೂ ನನ್ನ ಮುಂದೆ ತಲೆ ಎತ್ತಿ ಓಡಾಡಿದೆ."

"ಹೌದು."

"ಇಷ್ಟು ದಿನ ಬೈತಿದ್ದೆನಲ್ಲ, ಪಾಪ, ಇವಳಿಗೆ ನಿಜವಾಗ್ಲೂ ಕಾಣದೇ ಇದ್ದಿದ್ರೆ ಅಂತ ಒಂದೊಂದು ಸಲ ಮನಸ್ಸು ಚುಚ್ತಿತ್ತು ನನಗೆ," ಎಂದಳು ಓಯ್ಸುಲುವ್. "ಇನ್ನು ಚುಚ್ಚೋದಿಲ್ಲ. ಅಷ್ಟು ಉಪಕಾರ ಮಾಡಿದೆ." ಹಿಟ್ಟಿನ ಮುದ್ದೆಯನ್ನು ಅಲ್ಲೇ ಬಿಟ್ಟು ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು, "ಅಪ್ಪನ ನೆಲಮಾಳಿಗೆ ನನ್ನ ಕಡೆ ಇದೆ, ತಣ್ಣಗಿದೆ. ಉಸ್ತಾ ಕೇಳಿದ್ದಾನೆ ನಿನ್ನ ಡಬ್ಬಗಳನ್ನ ಅಲ್ಲಿ ಇಡಬಹುದಾ ಅಂತ. ಇಡಬಹುದು. ಬೀಗ ನಂದು, ಕೀಲಿ ನಂದು. ನನಗೆ ಮನಸ್ಸು ಬಂದಾಗ ತೆಗೀತೀನಿ."

"ಬೇಡ," ಎಂದಳು ಮುಹಯ್ಯೋ.

"ಬೇಡ ಅಂದ್ರೆ ಬೇಡ."

ಆ ವಾರವೇ ಮುಹಯ್ಯೋ ತನ್ನ ಅಂಗಳದಲ್ಲಿ, ಉತ್ತರದ ನೆರಳಿಗೆ, ಇಟ್ಟಿಗೆಯ ಪುಟ್ಟ ಕೊಠಡಿ ಕಟ್ಟಿಸಿದಳು. ಬ್ಯಾಟರಿಗಳು ಕೆಳಗೆ ಒಂದೊಂದಕ್ಕೂ ನಡುವೆ ಗೇಣು ಜಾಗ ಬಿಟ್ಟು, ಇನ್‌ವರ್ಟರು ಪಕ್ಕದ ಗೋಡೆಗೆ, ನೆಲದ ಹತ್ತಿರ ಜಾಲರಿ ಹಾಕಿದ ಕಂಡಿ, ಮಾಡಿನ ಕೆಳಗೆ ಫ್ಯಾನು. ಫ್ಯಾನಿನ ಬಿಸಿಯೆಲ್ಲ ಅವಳು ಸಂಜೆ ಕಾಲು ಚಾಚಿ ಕೂರುತ್ತಿದ್ದ ಮರದ ಕಟ್ಟೆಯ ಮೇಲೇ ಬೀಸುತ್ತಿತ್ತು. ಕಟ್ಟೆಯನ್ನು ಎಳೆಸಿ ಮೂಲೆಗೆ ಹಾಕಿಸಿದಳು. ಮೇಜನ್ನು ಹಿಂಗೋಡೆಯಿಂದ ದೂರಕ್ಕೆ ಸರಿಸಿದಳು. ತಂದೂರು ಇದ್ದಲ್ಲೇ ಇತ್ತು. ತೂತನ್ನು ಓಯ್ಸುಲುವ್ ಮತ್ತೆ ಇಟ್ಟಿಗೆ ಇಟ್ಟು ಮುಚ್ಚಿದಳು. ಈ ಸಲ ಮುಹಯ್ಯೋ ಕೂಡ ತನ್ನ ಕಡೆಯಿಂದ ಮಣ್ಣು ಮೆತ್ತಿಸಿದಳು. ಇಬ್ಬರ ಕೆಲಸವೂ ಉಸ್ತಾನದೇ. ಬೆಳಗ್ಗೆ ಒಂದು ಬದಿ, ಮಧ್ಯಾಹ್ನ ಇನ್ನೊಂದು ಬದಿ.

ಕೊನೆಗೆ ಮೀಟರು ಉಳಿದಿತ್ತು. ಮುಹಯ್ಯೋ ಕಚೇರಿಗೆ ಅರ್ಜಿ ಕೊಟ್ಟು ಬೇರೆ ಮೀಟರು, ಬೇರೆ ಮೇನ್ ಸ್ವಿಚ್ಚು ತನ್ನ ಬಾಗಿಲಿಗೆ ಹಾಕಿಸಿಕೊಂಡಳು. ಕಂಬದಿಂದ ಹೊಸ ತಂತಿ ಎಳೆದ ದಿನ ಓಯ್ಸುಲುವ್ ಬುಟ್ಟಿ ತುಂಬ ರೊಟ್ಟಿ ಹೊತ್ತು ಬೀದಿಯಲ್ಲಿ ಹೋಗುತ್ತಿದ್ದಳು. ನಿಂತು, ಏಣಿಯ ಮೇಲಿದ್ದವನಿಗೆ, "ನನ್ನ ಕಡೆಯ ತಂತಿ ಸಡಿಲ ಮಾಡಬೇಡಪ್ಪ," ಎಂದಳು. ತಂಗಿಯತ್ತ ನೋಡಲಿಲ್ಲ. ಮುಹಯ್ಯೋ ಕೂಡ ಒಳಗೆ ಹೋಗಿ, ಬಂದು ಕೂತಿದ್ದ ಚಿತ್ರಗಳನ್ನು ತೆರೆದಳು. ಅಂದು ಮೂವತ್ತೊಂದು ಇದ್ದವು; ಕೊನೆಯದನ್ನೂ ಎರಡು ಸಲ ನೋಡಿದಳು.